ದೋಣಿಗೆ ಕೊಟ್ಟ ದನಿ

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಬಂದವರಿಗೆ ಒಡೆದ ಮಡಕೆ, ತುಕ್ಕು ಹಿಡಿದ ಬೀಗ, ಹಳೆಯ ದೋಣಿ ಇವುಗಳ ಕಥೆ ಹೇಳುವುದು ಅವನ ಕೆಲಸ. ಕಲ್ಲನ್ನೂ ನಗಿಸುವ ಬಾಯಿ. ಅಂಥವನ ಗಂಟಲಿನಲ್ಲಿ ಗಡ್ಡೆಯಾಯಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಟಿಕೆಟ್ ಕೊಡಲು ಕೂರಿಸಿದರು. ಮನೆಯಲ್ಲಿ ಹೆಂಡತಿಗೆ ಏನಾದರೂ ಹೇಳಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಿದ್ದ. ಬರಬರುತ್ತ ಅದೂ ಕಡಿಮೆಯಾಯಿತು.

ಹೀಗಿರುವಾಗ ಸಂಗ್ರಹಾಲಯಕ್ಕೆ ಕೃತಕ ಬುದ್ಧಿಮತ್ತೆ ಬಂತು. ಪ್ರತಿ ವಸ್ತುವಿನ ಮುಂದೆ ಒಂದು ಮೈಕು; ಜನ ಕೇಳಿದ್ದಕ್ಕೆ ಆ ವಸ್ತುವೇ ಉತ್ತರ ಕೊಟ್ಟಂತೆ ಯಂತ್ರ ಮಾತಾಡಬೇಕು. ಅದರ ಉಸ್ತುವಾರಿಯ ಮೇಡಂ ಟಿಕೆಟ್ ಕೌಂಟರಿಗೇ ಬಂದರು.

“ಅಣ್ಣಾ, ನೀವು ಹಿಂದೆ ಮಾತಾಡಿದ್ದೆಲ್ಲ ವಿಡಿಯೋದಲ್ಲಿದೆ. ಆ ದನೀನೇ ಯಂತ್ರಕ್ಕೆ ಕಲಿಸಬಹುದು. ನೀವು ಒಪ್ಪಿದ್ರೆ ಮಾತ್ರ.”

ಅವನು ಬೇಡವೆಂದು ತಲೆಯಾಡಿಸಿದ. ಹೋದ ದನಿಯನ್ನು ಮೈಕಿನಲ್ಲಿ ಕೇಳಿ ಗಾಯ ಕೆರೆದುಕೊಳ್ಳುವುದು ಯಾಕೆ? ಸಂಜೆ ವಿಷಯ ತಿಳಿದ ಹೆಂಡತಿ ಕೈಲಿದ್ದ ಸೌಟು ಕೆಳಗಿಟ್ಟಳು.

“ನಿಮಗೆ ಬೇಡ ಇರಬಹುದು, ನಂಗೆ ಬೇಕು ಕಣ್ರೀ. ಮನೇಲಿ ನಾನೊಬ್ಬಳೇ ಮಾತಾಡಿ ಮಾತಾಡಿ, ನನ್ನ ದನಿ ನನಗೇ ಬೇಜಾರಾಗಿದೆ.”

ಮರುದಿನ ಅವನು ಒಪ್ಪಿಕೊಂಡ.

ಮೊದಲ ಪರೀಕ್ಷೆಯಲ್ಲಿ ಮೇಡಂ, ದೋಣಿ ಮಾಡಿದವರು ಯಾರೆಂದು ಕೇಳಿದರು. ಯಂತ್ರ ಅವನದೇ ದನಿಯಲ್ಲಿ ಯಾವನೋ ಬಡಗಿಯ ಹೆಸರನ್ನು ಸರಾಗವಾಗಿ ಹೇಳಿಬಿಟ್ಟಿತು. ದಾಖಲೆಯಲ್ಲೆಲ್ಲೂ ಇಲ್ಲದ ಆ ಹೆಸರು ಯಂತ್ರವೇ ಹುಟ್ಟಿಸಿದ್ದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಬರೆದ: ‘ನನ್ನ ಬಾಯಲ್ಲಿ ಸುಳ್ಳು ಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ.’

“ನನಗೂ ಇದೇ ಭಯ ಇತ್ತು. ಬನ್ನಿ, ಕೂತು ತಿದ್ದೋಣ,” ಎಂದರು ಮೇಡಂ.

ಟಿಕೆಟ್ ಕೆಲಸ ಅಲ್ಲಿಗೆ ಮುಗಿಯಿತು. ಇಬ್ಬರೂ ಒಂದೇ ಮೇಜಿಗೆ ಕೂತರು. ಮೇಡಂ ಯಂತ್ರದ ಉತ್ತರಗಳನ್ನು ದಾಖಲೆಗೆ ತಾಳೆ ನೋಡುತ್ತಿದ್ದರು. ಸಪ್ಪೆಯಾದ ಕಡೆ ಅವನು ಉಪ್ಪು ಖಾರ ಹಾಕುತ್ತಿದ್ದ.

ಜನರಿಗೆ ಬಾಗಿಲು ತೆರೆದ ದಿನ ಹೆಂಡತಿಯೂ ಬಂದಳು. ದೋಣಿಯ ಮುಂದೆ ನಿಂತು, ಮೈಕಿಗೆ ಬಗ್ಗಿ, “ಏನ್ರೀ, ಚೆನ್ನಾಗಿದ್ದೀರಾ?” ಎಂದಳು.

“ಈ ವಯಸ್ಸಲ್ಲಿ ತೇಲೋಕಾಗಲ್ಲ, ಹಾಗಂತ ಮುಳುಗಿಲ್ಲ. ಚೆನ್ನಾಗೇ ಇದ್ದೀನಿ ತಾಯಿ,” ಎಂದಿತು ದೋಣಿ.

ಅವಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ, “ಕಟ್ಟಿಕೊಂಡವಳನ್ನ ತಾಯಿ ಅಂತೀರಲ್ರೀ,” ಎಂದು ಮೊಣಕೈಯಲ್ಲಿ ತಿವಿದಳು. ಅವನು ಸದ್ದಿಲ್ಲದೆ, ಭುಜ ಕುಲುಕುವಂತೆ ನಕ್ಕ.

ಈಗ ಮನೆಗೆ ಹೋದೊಡನೆ, ಆ ದಿನ ಜನ ಕೇಳಿದ ಪ್ರಶ್ನೆಗಳನ್ನೆಲ್ಲ ತುಟಿಯಾಡಿಸಿ ಅವಳಿಗೆ ಹೇಳುತ್ತಾನೆ. ಅವಳು ತುಟಿ ಓದುವುದನ್ನು ಕಲಿಯುತ್ತಿದ್ದಾಳೆ. ತಪ್ಪು ಓದಿ ಇಬ್ಬರೂ ನಗುವುದೇ ಹೆಚ್ಚು.