ಬೇಲಿ ಪಕ್ಕದ ಮಡ್ಡಿ ತೊಟ್ಟಿ

ಹೋದ ವಾರ ಮದ್ದೂರಿನಲ್ಲಿ ಕಣ್ಣು ತೋರಿಸಿಕೊಂಡು ವಾಪಸು ಬರುವಾಗ, ಭಾರತೀನಗರ ದಾಟಿದ ಮೇಲೆ ಬಸ್ಸು ಒಂದು ಆಲೆಮನೆಯ ಎದುರು ನಿಂತುಬಿಟ್ಟಿತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ಅಡ್ಡ ತಿರುಗುತ್ತಿತ್ತು. ಕಿಟಕಿಯಿಂದ ವಾಸನೆ ಬಂತು. ಬಿಸಿ ಬೆಲ್ಲದ ವಾಸನೆಯಾಗಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ನಮ್ಮ ಕಡೆ ಅದು ಗಾಳಿಯಲ್ಲೇ ಇರುತ್ತದೆ. ಇದು ಮಡ್ಡಿಯ ವಾಸನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮೇಲೆ ಬರುವ ಕೊಳೆನೊರೆಯನ್ನು ತೂತಿನ ಸೌಟಿನಲ್ಲಿ ಎತ್ತಿ ಪಕ್ಕಕ್ಕೆ ಸುರಿಯುತ್ತಾರೆ, ಅದೇ ಮಡ್ಡಿ. ಒಂದೆರಡು ದಿನ ಬಿಟ್ಟರೆ ಹುಳಿಯೂ ಸಿಹಿಯೂ ಬೆರೆತು ಗಂಟಲಿಗೇ ಹತ್ತುತ್ತದೆ. ಟವೆಲಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದವರು, "ಯಾಕ್ ಯಜಮಾನ್ರೇ, ತಲೆ ಸುತ್ತು ಬತ್ತಾ?" ಎಂದರು. ಇಲ್ಲ ಎಂದೆ. ಪಕ್ಕದ ತೋಟದ ಅಕ್ಕನ ನೆನಪು ಬಂದಿತ್ತು...

ಆಗ ನನಗೂ ಒಂದು ಆಲೆಮನೆ ಇತ್ತು. ಹೈಸ್ಕೂಲು ಮುಗಿಸಿ, ಮುಂದಕ್ಕೆ ಓದದೆ, ಅಪ್ಪನ ಕೈಯಿಂದ ಅದನ್ನು ವಹಿಸಿಕೊಂಡಿದ್ದೆ. ಬೇಲಿಯಾಚೆ ಅಕ್ಕನ ಅಣ್ಣನ ತೆಂಗಿನ ತೋಟ. ಅಕ್ಕನನ್ನು ಮಳವಳ್ಳಿ ಕಡೆಗೆ ಕೊಟ್ಟಿದ್ದರು. ಅಲ್ಲಿ ಬಾಳಲಾಗದೆ ತವರಿಗೆ ಬಂದಿದ್ದಳು. "ಯಾಕವ್ವ ಇಂಗ್ ಬಂದ್ಬುಟ್ಟೆ?" ಎಂದು ಯಾರಾದರೂ ಕನಿಕರ ತೋರಿಸಿದರೆ, "ಬಸ್ ಸಿಕ್ತು, ಬಂದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಣ್ಣ ತೋಟದ ಮೂಲೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದ. ಅಲ್ಲೇ ಜೇನುಪೆಟ್ಟಿಗೆಗಳನ್ನು ಇಟ್ಟು, ಜೇನುತುಪ್ಪವನ್ನು ಭಾರತೀನಗರದ ಬಸ್ ನಿಲ್ದಾಣದ ಹತ್ತಿರ ಮಾರಿ, ತನ್ನ ಒಲೆ ತಾನು ಹಚ್ಚಿಕೊಳ್ಳುತ್ತಿದ್ದಳು. ಅತ್ತಿಗೆ ಬಡಿಸಿದ್ದನ್ನು ಉಣ್ಣುವುದಿಲ್ಲ ಎಂಬ ಹಟ ಅವಳದು. ಪೆಟ್ಟಿಗೆಗಳು ಇರುವವರೆಗೆ ಆ ಹಟ ನಡೆಯುವಂತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಮಳೆಗಾಲದಲ್ಲಿ ಅವಳು ಪೆಟ್ಟಿಗೆಗಳ ಎದುರು ಮಣೆ ಹಾಕಿಕೊಂಡು, ಕೈಯಲ್ಲಿ ತೆಂಗಿನಕಡ್ಡಿ ಪೊರಕೆ ಹಿಡಿದು ಕೂತಿರುತ್ತಿದ್ದಳು. ಕಡಜ ಬರುವ ಕಾಲ ಅದು. ದೊಡ್ಡ ಕಡಜ ಒಂದು ಬಂದು ಬಾಗಿಲ ಮುಂದೆ ಗಾಳಿಯಲ್ಲೇ ನಿಂತು, ಮೇವಿನಿಂದ ಮರಳುವ ಜೇನನ್ನು ಹಾಗೇ ಎತ್ತಿಕೊಂಡು ಹೋಗುತ್ತದೆ. ಅಕ್ಕ ಅದಕ್ಕೆ ಇಟ್ಟಿದ್ದ ಹೆಸರು "ನಮ್ಮತ್ತೆ".

"ಬಂದ್ಳು ನೋಡು ನಮ್ಮತ್ತೆ. ಇವತ್ತು ಒಬ್ಳೇ ಬಂದು ಮನೆ ಎಷ್ಟ್ ಗಟ್ಟಿಯಾಗದೆ ಅಂತ ನೋಡ್ಕೊಂಡ್ ಓಯ್ತಾಳೆ. ಬುಟ್ರೆ ನಾಳೆ ನಾದ್ನೀರ್ನೆಲ್ಲ ಕರ್ಕೊಂಡ್ ಬತ್ತಾಳೆ" ಎನ್ನುತ್ತ ಪೊರಕೆ ಬೀಸುತ್ತಿದ್ದಳು. ಬೀಸಿದರೆ ತಪ್ಪುತ್ತಿರಲಿಲ್ಲ. ಪೆಟ್ಟಿಗೆಯ ಬಾಗಿಲಿಗೆ ಸಾಲಾಗಿ ಮೊಳೆ ಹೊಡೆದಿದ್ದಳು, ನಡುವೆ ಜೇನು ನುಗ್ಗುವಷ್ಟೇ ಜಾಗ. ಕಡಜದ ಮೈ ಅಲ್ಲಿ ಹಿಡಿಯುತ್ತಿರಲಿಲ್ಲ.

ಆದರೆ ಅವಳಿಗೆ ಕಡಜಕ್ಕಿಂತ ಹೆಚ್ಚು ಭಯವಿದ್ದದ್ದು ಜೇನಿನದೇ. ಹೂವಿಲ್ಲದ ಆಷಾಢದಲ್ಲಿ ಎಲ್ಲಾದರೂ ಸಿಹಿ ಕಂಡರೆ ಹುಳಕ್ಕೆ ಹುಚ್ಚು ಹಿಡಿಯುತ್ತದೆ. ಆ ಸಿಹಿ ಮುಗಿದ ಮೇಲೆ ಅದು ಪಕ್ಕದ ಪೆಟ್ಟಿಗೆಗೇ ಕನ್ನ ಹಾಕುತ್ತದೆ. ಅದಕ್ಕೇ ಅವಳು ಹಗಲಲ್ಲಿ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಸಕ್ಕರೆ ನೀರನ್ನು ಸಂಜೆ ಮಬ್ಬಿನಲ್ಲಿ ಪೆಟ್ಟಿಗೆಯೊಳಗೇ ಇಟ್ಟು, ಒಂದು ಹನಿ ಚೆಲ್ಲಿದರೂ ಮಣ್ಣೆಳೆದು ಮುಚ್ಚುತ್ತಿದ್ದಳು.

"ಮನೆ ಉಳ ನೆಟ್ಗೆ ಬಾಗ್ಲಿಗೆ ಓಯ್ತದೆ. ಕಳ್ ಉಳ ಕಾಲು ಇಳೇಬುಟ್ಕೊಂಡು ಅತ್ಲಾಗ್ ಇತ್ಲಾಗ್ ತೂಗ್ತದೆ, ಎಲ್ ಸಂದಿ ಅದೆ ಅಂತ" ಎಂದು ನನಗೆ ತೋರಿಸಿದ್ದಳು. "ನಿನ್ ತಮ್ಮ ನಮ್ ಅಲಸಿನ ಮರದ್ ಕೆಳಗೆ ಓಡಾಡ್ತಾನಲ್ಲ, ಅಂಗೆ."

ನಮ್ಮ ಕಡೆ ಒಂದು ಪದ್ಧತಿಯಿದೆ. ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕುಡಿಸದೆ, ಒಂದು ಚೂರು ಬಿಸಿ ಬೆಲ್ಲ ಕೊಡದೆ ಕಳಿಸಬಾರದು. ದಾರಿಹೋಕನಾಗಲಿ, ಹಗೆಯಾಗಲಿ, ಬೇಡ ಅನ್ನುವ ಹಾಗಿಲ್ಲ. ಅಪ್ಪ ಇದನ್ನು ಬಹಳ ಹೆಮ್ಮೆಯಿಂದ ನಡೆಸಿದ್ದ, ನಾನೂ ನಡೆಸುತ್ತಿದ್ದೆ. ಆ ವರ್ಷ ಮಡ್ಡಿ ಸುರಿಯುವ ಕಲ್ಲು ತೊಟ್ಟಿಗೆ ಅಕ್ಕನ ಜೇನು ಮುತ್ತತೊಡಗಿದಾಗ ಅವಳು ಬೇಲಿಯ ಹತ್ತಿರ ಬಂದು ನಿಂತಳು.

"ಆ ತೊಟ್ಟಿ ಮೇಲೆ ಒಂದು ತಗಡು ಮುಚ್ಚಪ್ಪ. ನಮ್ ಉಳ ಕೆಡ್ತಾವೆ."

ಆಳುಗಳು ನೋಡುತ್ತಿದ್ದರು. ನನಗೆ ದೊಡ್ಡಸ್ತಿಕೆ ಬಂತು. "ಆಲೆಮನೆಗೆ ಬಂದೋರ್ನ ಬ್ಯಾಡ ಅನ್ನಕ್ಕಾಯ್ತದಾ ಅಕ್ಕ? ನಿನ್ ಉಳಾನೂ ನಮ್ ನೆಂಟ್ರೇ ಕಣಕ್ಕ, ಕುಡ್ಕೊಂಡ್ ಓಗ್ಲಿ" ಎಂದೆ. ಎಲ್ಲರೂ ನಕ್ಕರು.

ಅವಳು ನಗಲಿಲ್ಲ. "ಬಂದೋರ್ಗೆ ಆಲು ಕೊಡೋದು ಧರ್ಮ. ಮಡ್ಡಿ ಕೊಡೋದು ಯಾವ್ ಧರ್ಮ ಆಲೆಮನೆ ಯಜಮಾನ್ರೇ?" ಎಂದು ಕೇಳಿ ಹೊರಟುಹೋದಳು.

ತಗಡು ಮುಚ್ಚಲಿಲ್ಲ. ಇಷ್ಟೇ ಆಗಿದ್ದರೆ ಅದನ್ನು ಸೋಮಾರಿತನ ಎನ್ನಬಹುದಿತ್ತು. ನಾನು ಮಾಡಿದ್ದು ಬೇರೆ. ತೊಟ್ಟಿಗೆ ಬರುವ ಹುಳ, ನೊಣ, ಕಡಜದ ಕಾಟ ಆಳುಗಳಿಗೆ ಹೆಚ್ಚಾದಾಗ ಆ ಕಲ್ಲು ತೊಟ್ಟಿಯನ್ನು ಅಲ್ಲಿಂದ ಎಳೆಸಿ ಅವಳ ಬೇಲಿಗೆ ತಾಗಿಸಿ ಇರಿಸಿದೆ. ಅವಳ ಹುಳ, ಅವಳ ಕಡೆಯೇ ಇರಲಿ ಎಂದುಕೊಂಡೆ. ಈ ಮಾತಿನಲ್ಲಿ ಮರೆವಿಲ್ಲ, ಅನುಮಾನವಿಲ್ಲ. ಎಳೆಸಿದವನು ನಾನೇ.

ಆಮೇಲೆ ಬಹಳ ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಚುರುಕಾಯಿತು. ತೊಟ್ಟಿಯ ಮೇಲಿದ್ದ ಹುಳವೆಲ್ಲ ಎದ್ದು, ಬೇಲಿ ದಾಟಿ, ಪೆಟ್ಟಿಗೆಗಳಿಗೆ ಕನ್ನ ಹಾಕಲು ನುಗ್ಗಿತು. ಗುಂಯ್ ಎನ್ನುವ ಸದ್ದೇ ಬೇರೆಯಾಯಿತು. ಜೇನು ಜೇನಿನ ಮೇಲೆ ಬಿದ್ದು, ಪೆಟ್ಟಿಗೆಗಳ ಮುಂದೆ ಉಂಡೆ ಉಂಡೆಯಾಗಿ ಕಚ್ಚಾಡುತ್ತಿದ್ದವು. ಮೇಲೆ ಕಡಜಗಳು ಬೇರೆ. ಸಿಕ್ಕಸಿಕ್ಕವರನ್ನು ಕಚ್ಚುತ್ತ ಒಂದು ಹಿಂಡು ನಮ್ಮ ಆಲೆಮನೆಗೂ ನುಗ್ಗಿತು. ಕೊಪ್ಪರಿಗೆಯ ಹತ್ತಿರ ಪಾಕ ತಿರುವುತ್ತಿದ್ದವನ ಕಣ್ಣುರೆಪ್ಪೆಗೆ ಕಚ್ಚಿತು. ಅವನು ಬೆಚ್ಚಿ ಕೈ ಎಳೆದಾಗ ಕುದಿಯುವ ಪಾಕ ಮೊಣಕೈವರೆಗೂ ಸಿಡಿಯಿತು. ಹೊರಗಿನಿಂದ ಕೂಲಿಗೆ ಬಂದವನು, ಪಾಪ. ಅವನನ್ನು ಎತ್ತಿಕೊಂಡು ಹೊರಗೆ ಓಡುವಾಗ ಬೇಲಿಯಾಚೆಯಿಂದ ಅಕ್ಕ ಕೂಗುತ್ತಿದ್ದದ್ದು ನನಗೆ ಕೇಳಿಸಿತು. "ತೊಟ್ಟಿ ಮುಚ್ಚಪ್ಪ, ಮದ್ಲು ತೊಟ್ಟಿ ಮುಚ್ಚು."

ಅವಳು ಒಬ್ಬಳೇ ಗೋಣಿಚೀಲಗಳನ್ನು ಕಾಲುವೆಯಲ್ಲಿ ಅದ್ದಿ ತಂದು ಪೆಟ್ಟಿಗೆಗಳ ಮೇಲೆ ಹೊದಿಸಿದಳು. ಬಾಗಿಲುಗಳನ್ನು ಒಂದೇ ಹುಳ ಹಿಡಿಯುವಷ್ಟು ಕಿರಿದು ಮಾಡಿ ಉಳಿದದ್ದಕ್ಕೆ ಸೆಗಣಿ ಮೆತ್ತಿದಳು. ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲವಂತೆ. ಬಡ ಪೆಟ್ಟಿಗೆಗಳು ಖಾಲಿಯಾದವು, ಗಟ್ಟಿಯಾಗಿದ್ದವು ಉಳಿದವು. ಉಳಿದದ್ದೇ ಹೆಚ್ಚು.

ಅವತ್ತು ಸಂಜೆಯೇ ನಾನು ತೊಟ್ಟಿಯನ್ನು ಬೇಲಿಯಿಂದ ಎಳೆಸಿ, ತೊಳೆಸಿ, ಹಳೆಯ ಜಾಗದಲ್ಲಿ ಕವುಚಿ ಹಾಕಿಸಿದೆ. ಮಾರನೆಯ ದಿನ ಗುಡಿ ಮುಂದಿನ ಕಟ್ಟೆಯಲ್ಲಿ ನ್ಯಾಯ ಸೇರಿತು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಆಳು ಒಂದು ಪಕ್ಕ ಕೂತಿದ್ದ. ಇದಕ್ಕೆ ಯಾರು ಹೊಣೆ ಎಂಬುದೇ ಪ್ರಶ್ನೆ. ಹಿರಿಯರು ಅಕ್ಕನನ್ನು ಕೇಳಿದರು. ಊದಿದ ಮುಖದಲ್ಲಿ ಅವಳು ನನ್ನ ಕಡೆ ತಿರುಗಿದಳು.

"ನಾನ್ ಏನೂ ಏಳಕ್ಕಿಲ್ಲ. ನಮ್ ಉಳ ಯಾಕ್ ಕೆಟ್ವು ಅಂತ ಆಲೆಮನೆಯೋರೇ ಏಳ್ಲಿ. ಅವರ್ ಏಳಿದ್ದೇ ಸರಿ."

ಅವಳು ತೊಟ್ಟಿಯ ಮಾತನ್ನು ತಾನೇ ಎತ್ತಬಹುದಿತ್ತು. ಎತ್ತದೆ, ಮಾತನ್ನು ನನ್ನ ಕೈಗೆ ಕೊಟ್ಟಳು. ಅಷ್ಟು ನಂಬಿಕೆಯನ್ನು ನನ್ನ ಮೇಲೆ ಬೇರೆ ಯಾರೂ ಇಟ್ಟದ್ದಿಲ್ಲ. ನಾನು ಆಳಿನ ಕೈ ನೋಡಿದೆ, ಹಿರಿಯರ ಮುಖ ನೋಡಿದೆ. ಆಮೇಲೆ, "ಉಳ ಸಾಕೋರ್ಗೆ ಉಳದ್ ಬುದ್ಧಿ ಗೊತ್ತಿರ್ಬೇಕು. ನಂಗೇನ್ ಗೊತ್ತು?" ಎಂದೆ.

ಪೆಟ್ಟಿಗೆಗಳು ಊರ ಗಡಿಯೊಳಗೆ ಇರಬಾರದು ಎಂದು ತೀರ್ಮಾನವಾಯಿತು. ಹೊಳಲು ಎಂಬ ಊರಿನಲ್ಲಿದ್ದ ಅವಳ ಪರಿಚಯದವರು ಕತ್ತಲಾಗುವ ಹೊತ್ತಿಗೆ ಗಾಡಿ ತಂದು, ಬಾಗಿಲಿಗೆ ಒದ್ದೆ ಬಟ್ಟೆ ತುರುಕಿ, ಎಲ್ಲವನ್ನೂ ಒಯ್ದರು. ಕಡಜಕ್ಕೂ ಕಳ್ಳ ಹುಳಕ್ಕೂ ಬಿಟ್ಟುಕೊಡದೆ ಅವಳು ಉಳಿಸಿಕೊಂಡಿದ್ದನ್ನು ನನ್ನ ಒಂದು ಮಾತು ತೆಗೆಯಿತು.

ಒಂದೆರಡು ತಿಂಗಳಲ್ಲಿ ತೋಟದ ಕೋಣೆಯ ಒಲೆ ಆರಿತು. ಅಕ್ಕ ಅಣ್ಣನ ಮನೆಗೆ ಉಣ್ಣಲು ಹೋಗತೊಡಗಿದಳು. ಎಲ್ಲರದೂ ಆದ ಮೇಲೆ ಅತ್ತಿಗೆ ಕರೆಯುವವರೆಗೆ ಹಿಂದಿನ ಜಗಲಿಯಲ್ಲಿ ಕೂತಿರುತ್ತಿದ್ದಳು. ನಮ್ಮ ಆಲೆಮನೆಯಿಂದ ಆ ಜಗಲಿ ಕಾಣುತ್ತಿತ್ತು. ನಾನು ಆ ಕಡೆಗೆ ಎತ್ತರಕ್ಕೆ ರಚ್ಚಿನ ಮೆದೆ ಒಟ್ಟಿಸಿದೆ, ಹಿಂಡಿದ ಕಬ್ಬಿನ ಸಿಪ್ಪೆ ಒಣಗಲು ಅಲ್ಲೇ ಬಿಸಿಲು ಚೆನ್ನಾಗಿದೆ ಎಂದು ಆಳುಗಳಿಗೆ ಹೇಳಿ...

ಎಷ್ಟೋ ವರ್ಷ ಅವಳು ನಮ್ಮ ಕಡೆ ಸುಳಿಯಲಿಲ್ಲ. ಒಂದೇ ಒಂದು ಸಲ ಬಂದಳು. ಆಲೆಮನೆ ಮುಚ್ಚಿ ಕಬ್ಬನ್ನೆಲ್ಲ ಫ್ಯಾಕ್ಟರಿಗೆ ಕೊಡುವುದೆಂದು ನಾನು ನಿರ್ಧರಿಸಿದ್ದ ವರ್ಷ. ಅವಳ ತಲೆ ಪೂರ್ತಿ ನರೆತಿತ್ತು. ಬಂದು ನಿಂತಳು. ಬಂದವರಿಗೆ ಕೊಡಬೇಕಲ್ಲ, ಚೊಂಬಿನಲ್ಲಿ ಕಬ್ಬಿನ ಹಾಲು ಕೊಟ್ಟೆ. ನಿಂತೇ ಕುಡಿದಳು. ಖಾಲಿ ಚೊಂಬನ್ನು ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾನು ಮಳೆಯ ಮಾತಾಡಿದೆ, ನಾಲೆಗೆ ನೀರು ಬಿಡುವ ಮಾತಾಡಿದೆ.

"ಇನ್ನೇನಾರ ಅದಾ?" ಎಂದು ಕೇಳಿದಳು.

"ಇಲ್ಲಕ್ಕ" ಎಂದೆ.

"ಸರಿ, ಬತ್ತೀನಿ" ಎಂದು ಚೊಂಬನ್ನು ಕೆಳಗಿಟ್ಟು ಹೋದಳು.

ಅವಳು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಮಣ್ಣಿಗೆ ಹೋಗಿದ್ದೆ, ಎಲ್ಲರಂತೆ ಒಂದು ಹಿಡಿ ಹಾಕಿ ಬಂದೆ.

ಬಸ್ಸಿನಲ್ಲಿ ಆ ವಾಸನೆ ಬಡಿದ ದಿನ ಮನೆಗೆ ಹೋಗದೆ ನೇರ ಗುಡಿ ಕಟ್ಟೆಗೆ ಹೋದೆ. ಅವತ್ತಿನ ನ್ಯಾಯದಲ್ಲಿ ಕೂತಿದ್ದವರಲ್ಲಿ ಉಳಿದಿರುವವರು ನಾನು ಮತ್ತು ನನ್ನ ಓರಗೆಯ ಇನ್ನೊಬ್ಬ. ಅವನು ಅಲ್ಲೇ ಎಲೆಅಡಿಕೆ ಕುಟ್ಟುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ತೊಟ್ಟಿ ಎಳೆಸಿದ್ದು, ತೊಳೆಸಿದ್ದು, ಕಟ್ಟೆಯ ಮೇಲೆ ಆಡಿದ ಮಾತು. ಎಲ್ಲಿಯೂ ನಿಲ್ಲಿಸಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು.

ಅವನು ಕುಟ್ಟುವುದನ್ನು ನಿಲ್ಲಿಸದೆ, "ಗೊತ್ತಿತ್ತು ಕಣ್ಲಾ" ಎಂದ.

"ಏನ್ ಗೊತ್ತಿತ್ತು?"

"ಎಲ್ಲಾನೂ. ನಂಗೊಬ್ಬಂಗಲ್ಲ, ಕಟ್ಟೆ ಮೇಲೆ ಕೂತಿದ್ದೋರ್ಗೆಲ್ಲ ಗೊತ್ತಿತ್ತು. ನೀನ್ ಬಾಯ್ ಬುಡ್ತೀಯೇನೋ ಅಂತ ನೋಡ್ತಾ ಇದ್ದೋ. ನೀನೇ ಇಲ್ಲ ಅಂದ್ಮೇಲೆ ನಾವ್ಯಾಕ್ ನಿನ್ ಮರ್ಯಾದೆ ತಗೀಬೇಕು ಅಂತ ಸುಮ್ಕಾದೋ."

ಕುಟ್ಟಿದ ಎಲೆಅಡಿಕೆಯಲ್ಲಿ ನನಗೂ ಒಂದು ಚೂರು ಕೊಟ್ಟ. ಬಾಯಿಗೆ ಹಾಕಿಕೊಂಡೆ. ಊರೆಲ್ಲ ಸೇರಿ ನನ್ನ ಮರ್ಯಾದೆಯನ್ನು ಉಳಿಸಿತ್ತು. ಅದರ ಬೆಲೆಯನ್ನು ಅಕ್ಕ ಒಬ್ಬಳೇ, ಅತ್ತಿಗೆಯ ಜಗಲಿಯಲ್ಲಿ, ದಿನಕ್ಕೆರಡು ಹೊತ್ತು ಕೂತು ತೆತ್ತಿದ್ದಳು. ನಾನು ಹೇಳಿದ್ದು ಎಲೆಅಡಿಕೆ ಕುಟ್ಟುತ್ತಿದ್ದವನಿಗೆ ಹೊಸದಾಗಿರಲಿಲ್ಲ. ಅವಳಿಗೂ ಹೊಸದಾಗಿರುತ್ತಿರಲಿಲ್ಲ. ಆದರೂ ನನ್ನ ಬಾಯಿಂದ ಕೇಳಲೆಂದು ಅವಳು ಒಂದು ಸಲ ನಡೆದು ಬಂದಿದ್ದಳು... ಇನ್ನು ಬರುವುದಿಲ್ಲ.