ಉಂಡ ಮನೆಯ ಜಂತೆ ಎಣಿಸಿ ಬಂದೆವು

ಬೇರೆಯವರ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಕಳೆದ ವಾರ ಹಾಗೆ ಸಕ್ಕರೆ ಹಾಕಲೆಂದು ಒಂದು ಸ್ಟೀಲ್ ಡಬ್ಬಿ ಒರೆಸುತ್ತಿದ್ದೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಂಡಿತು. ‘ಸೌ. ಶಾಂತಮ್ಮನಿಗೆ, ತವರಿನಿಂದ.’

ಡಬ್ಬಿ ಕೊಟ್ಟವರು ಸಾಸ್ವೆಹಳ್ಳಿಯ ಹುಸೇನ್ ಸಾಬರ ಮನೆಯವರು. ಅವರ ಮನೆಯಲ್ಲಿ ಈ ಶಾಂತಮ್ಮ ಯಾರು?

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಮಕ್ಕಳು ಲೆಕ್ಕದಲ್ಲಿ ಎಲ್ಲಿ ಎಡವಿದರು ಅಂತ ದೂರದಿಂದಲೇ ಹೇಳಿಬಿಡುತ್ತಿದ್ದೆ. ನಾನು ಎಡವಿದ್ದು ಗೊತ್ತಾಗಲು ಒಂದು ಡಬ್ಬಿಯ ಮುಚ್ಚಳ ಬೇಕಾಯಿತು.

ಮೊದಲಿನಿಂದ ಹೇಳುತ್ತೇನೆ. ಚನ್ನಗಿರಿಯಲ್ಲಿ ನಾವೊಂದಿಷ್ಟು ರಿಟೈರಾದ ಮಂದಿ, ನಾಲ್ಕೈದು ವರ್ತಕರು ಸೇರಿ ಸಣ್ಣದೊಂದು ಟ್ರಸ್ಟ್ ಮಾಡಿಕೊಂಡಿದ್ದೇವೆ. ಚೆನ್ನಾಗಿ ಓದುವ, ಮನೆಯಲ್ಲಿ ಕಷ್ಟವಿರುವ ಅಲ್ಪಸಂಖ್ಯಾತ ಮಕ್ಕಳಿಗೆ ಕಾಲೇಜಿನ ಫೀಸು ಕಟ್ಟುವುದು ನಮ್ಮ ಕೆಲಸ. ಸೆಕೆಂಡ್ ಪಿಯುಸಿಯಲ್ಲಿ ಶೇಕಡಾ ತೊಂಬತ್ತರ ಮೇಲೆ ಬಂದಿರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನವರು ಅರ್ಜಿ ಹಾಕಬಹುದು. (ಮೂರು ತಾಲ್ಲೂಕು ಅಕ್ಕಪಕ್ಕ, ಜಗಳೂರು ಎಲ್ಲೋ ಆ ಕಡೆ, ಅದು ಹೇಗೆ ಬಂತು ಅಂತೀರಾ? ದೊಡ್ಡ ದಾನಿಯೊಬ್ಬರ ಬೀಗರ ಊರು. ಟ್ರಸ್ಟುಗಳು ನಡೆಯುವುದೇ ಹೀಗೆ.)

ಈ ವರ್ಷ ಎಂಟು ಅರ್ಜಿ ಬಂದವು. ಕೊಡಲು ಶಕ್ತಿ ಇದ್ದದ್ದು ಮೂವರಿಗೆ.

ಎಂಟಕ್ಕೂ ಇನ್‌ಕಮ್ ಸರ್ಟಿಫಿಕೇಟ್ ಲಗತ್ತಾಗಿತ್ತು. ಎಂಟರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ಇದನ್ನು ನಂಬುವುದು ಹೇಗೆ? ಕಾರಿನಿಂದ ಇಳಿದು ಬಂದು ಬಡತನದ ಸರ್ಟಿಫಿಕೇಟ್ ಮಾಡಿಸಿಕೊಂಡು ಅದೇ ಕಾರಿನಲ್ಲಿ ಹೋದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. (ಯಾವ ಜನ ಅಂತ ಕೇಳಬೇಡಿ. ಎಲ್ಲ ಜನವೂ.)

“ಕಾಗದ ಬಿಡಿ, ಮನೆಗೇ ಹೋಗಿ ನೋಡಿಬಿಡೋಣ” ಎಂದೆ ನಾನು. ಹೌದು, ಹೇಳಿದವಳು ನಾನೇ. ಎಲ್ಲರೂ ತಲೆದೂಗಿದರು. ನನಗೂ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು.

ಜೊತೆಗೆ ಬಂದವರು ಬಸವರಾಜಪ್ಪನವರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಫಾರಂ ಇಲ್ಲದೆ ಅವರು ಹೆಜ್ಜೆ ಇಡುವುದಿಲ್ಲ. ಮನೆ ಯಾವ ಬಗೆಯದು, ಫ್ರಿಜ್ ಇದೆಯೇ, ಟಿವಿ ಇದೆಯೇ, ಕುರ್ಚಿ ಮಂಚ ಎಷ್ಟು, ಕೊನೆಗೆ ‘ಒಟ್ಟಾರೆ ಅಭಿಪ್ರಾಯ’. ಎಲ್ಲಕ್ಕೂ ಅಂಕ. ಮನುಷ್ಯ ಬಹಳ ಮರ್ಯಾದಸ್ಥರು, ಹಾಗಾಗಿ ಪ್ರತಿ ಮನೆಗೂ ಹಿಂದಿನ ದಿನವೇ ಫೋನ್ ಮಾಡಿ, “ನಾಳೆ ಬರ್ತೀವ್ರಿ” ಅಂತ ತಿಳಿಸಿದರು.

ಸಾಸ್ವೆಹಳ್ಳಿಗೆ ಹೋದದ್ದು ಒಂದು ಭಾನುವಾರ. ಹುಸೇನ್ ಸಾಬರು ಗಾದಿ ಮಾಡುವವರು. ಹತ್ತಿ ಹಿಂಜುವುದು, ಹಳೆಯ ಗಾದಿ ಬಿಚ್ಚಿ ಹೊಸದು ತುಂಬುವುದು. ಪಿಂಜಾರರು, ಮನೆಮಾತು ಕನ್ನಡವೇ. ಈಗ ಎಲ್ಲರೂ ಫೋಮ್ ಹಾಸಿಗೆ ಕೊಳ್ಳುತ್ತಾರೆ, ಹತ್ತಿ ಗಾದಿ ಯಾರಿಗೆ ಬೇಕು? ಮಗಳು ರೇಷ್ಮಾ ಶೇಕಡಾ ತೊಂಬತ್ತಾರು ತೆಗೆದಿದ್ದಳು. ದಾವಣಗೆರೆಯಲ್ಲಿ ಬಿ.ಫಾರ್ಮಾ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಎರಡು ವಾರ ಗಡುವಿತ್ತು.

ಬಾಗಿಲಲ್ಲೇ ಹುಸೇನ್ ಸಾಬರು ಕೈ ಮುಗಿದರು. “ಬರ್ರಿ ಸಾರ್, ಬರ್ರಿ ಮೇಡಂ, ನಮ್ಮನಿಗೆ ನೀವು ಬಂದಿದ್ದೇ ದೊಡ್ಡದು.”

ಒಳಗೆ ನಾಲ್ಕು ಕುರ್ಚಿ. ಗೋಡೆಗೆ ಒತ್ತಿ ಹಾಕಿದ ಎರಡು ದಪ್ಪ ಹೊಸ ಗಾದಿ, ಮೇಲೆ ಗರಿಗರಿ ಬೆಡ್‌ಶೀಟು. ಸ್ಟೂಲಿನ ಮೇಲೆ ಭರ್ರನೆ ತಿರುಗುವ ಫ್ಯಾನು. ಸಾಬರ ಹೆಂಡತಿ ಮಾಬೂಬಿ ತಟ್ಟೆ ತಂದರು. ಮಂಡಕ್ಕಿ, ಮಿರ್ಚಿ, ಬಾಳೆಹಣ್ಣು. ಅದು ಮುಗಿಯುವ ಹೊತ್ತಿಗೆ ಶಾವಿಗೆ ಪಾಯಸ. ತುಪ್ಪ ತೇಲುತ್ತಿತ್ತು. ದ್ರಾಕ್ಷಿ, ಗೋಡಂಬಿ ಧಾರಾಳ. ನಾನು ಎರಡು ಸಲ ಹಾಕಿಸಿಕೊಂಡೆ. (ನನಗೆ ಶುಗರ್ ಇದೆ. ಅದನ್ನು ಯಾರಿಗೂ ಹೇಳಲಿಲ್ಲ.)

ಬಸವರಾಜಪ್ಪನವರು ಬಾಯಿ ಒರೆಸಿಕೊಂಡು ಫಾರಂ ತೆಗೆದರು. “ಹೆಂಗ್ರಿ ಸಾಬ್ರೆ, ಜೀವನ ಎಲ್ಲ ಅನುಕೂಲ ಐತಲ್ಲ?”

“ದೇವರ ದಯೆ, ನಿಮ್ಮಂಥೋರ ಆಶೀರ್ವಾದ. ಏನೂ ಕಡಿಮಿ ಇಲ್ರಿ.”

ಅವರು ಬರೆದುಕೊಂಡರು. ನಾನು ನೋಡುತ್ತಿದ್ದೆ. ‘ಏನೂ ಕಡಿಮೆ ಇಲ್ಲ.’

ರೇಷ್ಮಾ ಗೋಡೆಗೆ ಒರಗಿ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅಪ್ಪನ ಮುಖ ನೋಡಿ ಸುಮ್ಮನಾದಳು. ನಾಚಿಕೆ ಸ್ವಭಾವದ ಹುಡುಗಿ ಅಂದುಕೊಂಡೆ.

ಹೊರಡುವಾಗ ಮಾಬೂಬಿ ಡಬ್ಬಿಯೊಂದನ್ನು ಕೈಗಿಟ್ಟರು. “ಮೊಮ್ಮಕ್ಕಳಿಗೆ ತಗಂಡ್ ಹೋಗ್ರಿ ಮೇಡಂ, ಶಾವಿಗೆ ಐತಿ.”

ಕಾರು ಊರು ದಾಟಿತು. ಬಸವರಾಜಪ್ಪನವರು ತೇಗಿದರು. “ಒಳ್ಳೇ ಜನ ಮೇಡಂ. ಆದ್ರೆ ಅಷ್ಟೇನ್ ತೊಂದ್ರೆಯಾಗೆ ಇದ್ದಂಗೆ ಕಾಣ್ಲಿಲ್ಲ.”

“ಗೋಡಂಬಿ ಎಷ್ಟು ಹಾಕಿದ್ದರು, ನೋಡಿದಿರಾ?” ಎಂದೆ ನಾನು.

ಈ ಮಾತು ನನ್ನ ಬಾಯಿಂದಲೇ ಬಂತು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ನಮ್ಮಲ್ಲೊಂದು ಗಾದೆ ಇದೆ, ಉಂಡ ಮನೆಯ ಜಂತೆ ಎಣಿಸಬಾರದು ಅಂತ. ಊಟ ಹಾಕಿದವರ ಮನೆಯ ಮಾಡು ನೋಡಿ ಅವರೆಷ್ಟು ಸಿರಿವಂತರು ಅಂತ ಲೆಕ್ಕ ಹಾಕುವುದು ಕೆಟ್ಟ ಬುದ್ಧಿ. ಎಷ್ಟೋ ಮಕ್ಕಳಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ. ನಾವು ಎಣಿಸಿದ್ದು ಮಾತ್ರವಲ್ಲ, ಕಾಲಂ ಹಾಕಿ ಅಂಕವನ್ನೂ ಕೊಟ್ಟು ಬಂದೆವು.

ಉಳಿದ ಮನೆಗಳನ್ನೂ ನೋಡಿದೆವು. ನ್ಯಾಮತಿಯಲ್ಲಿ ಪಂಕ್ಚರ್ ಹಾಕುವವರ ಮಗ. ಟಯರುಗಳ ನಡುವೆ ನಿಂತೇ ಮಾತಾಡಿದೆವು. ಜಗಳೂರಿನಲ್ಲಿ ತಾಯಿ ಕೂಲಿಗೆ ಹೋಗಿದ್ದಳು, ಮಾಡಿಗೆ ಟಾರ್ಪಾಲು ಹೊದಿಸಿತ್ತು. ನಲ್ಲೂರಿನ ಹುಡುಗಿಯ ಅಪ್ಪ ಮಾತಾಡುತ್ತಲೇ ಅತ್ತುಬಿಟ್ಟರು. ಈ ಮೂವರಿಗೆ ಸ್ಕಾಲರ್‌ಶಿಪ್ ಸಿಕ್ಕಿತು. ಸಿಗಬೇಕಾದವರಿಗೇ ಸಿಕ್ಕಿತು, ಅದರಲ್ಲಿ ಮೋಸವಿಲ್ಲ. ಅವರ ಬಡತನ ನಮ್ಮ ಕಣ್ಣಿಗೆ ಬಿತ್ತು, ಅಷ್ಟೇ.

ಮಾರ್ಕ್ಸಿನಲ್ಲಿ ಎಂಟು ಮಂದಿಯಲ್ಲಿ ಮೊದಲಿಗಳು ರೇಷ್ಮಾ. ಕಷ್ಟದ ಕಾಲಂನಲ್ಲಿ ಕೊನೆಯವಳು. ಓದಿನಲ್ಲಿ ತೊಂಬತ್ತಾರು ತೆಗೆದವಳನ್ನು ನಾವು ಬಡತನದಲ್ಲಿ ಫೇಲ್ ಮಾಡಿದೆವು.

ಅವಳಿಗೆ ವಾಟ್ಸ್ಯಾಪಿನಲ್ಲಿ ಮೆಸೇಜ್ ಕಳಿಸಿದವಳೂ ನಾನೇ. ‘ಈ ಬಾರಿ ಅವಕಾಶ ಆಗಲಿಲ್ಲ, ಶುಭವಾಗಲಿ.’ ಎರಡೇ ನಿಮಿಷದಲ್ಲಿ ಉತ್ತರ ಬಂತು. ‘ಪರವಾಗಿಲ್ಲ ಮೇಡಂ, ಥ್ಯಾಂಕ್ಸ್.’ ಜೊತೆಗೆ ಕೈಮುಗಿದ ಚಿತ್ರ. ನೋಡಿ, ಹುಡುಗಿಗೆ ಅಷ್ಟೇನೂ ಬೇಜಾರಾಗಿಲ್ಲ ಅಂದುಕೊಂಡೆ. ನಮಗೆ ಅನುಕೂಲವಾದದ್ದನ್ನು ನಾವು ಎಷ್ಟು ಬೇಗ ನಂಬುತ್ತೇವೆ, ಅಲ್ಲವೇ?

ಇನ್ನು ಡಬ್ಬಿಯ ವಿಷಯ. ಸಕ್ಕರೆ ತುಂಬಿಕೊಂಡು ಬಸ್ ಹತ್ತಿ ಸಾಸ್ವೆಹಳ್ಳಿಗೆ ಹೋದೆ. ಸಾಬರ ಮನೆ ಬಾಗಿಲು ಮುಂದಕ್ಕೆ ಮಾಡಿತ್ತು. ಪಕ್ಕದ ಮನೆ ಕಟ್ಟೆಯ ಮೇಲೆ ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕೈ ನೋಡಿದ್ದೇ ಎದ್ದು ಬಂದರು.

“ಅಯ್ಯ, ನನ್ ಡಬ್ಬಿ! ಎಲ್ಲಿ ಹೋತಪ್ಪ ಅಂದ್ಕಂಡಿದ್ದೆ. ನೀವೇ ಏನ್ರಿ ಅವತ್ತು ಮನಿ ನೋಡಾಕೆ ಬಂದಿದ್ದ ಮೇಡಮ್ಮಾರು?”

ಅವರೇ ಶಾಂತಮ್ಮ.

ನಾನೇನೂ ಕೇಳಲಿಲ್ಲ. ಅವರೇ ಹೇಳಿದರು, ಸಂತೋಷದಿಂದ, ನಾಟಕಕ್ಕೆ ಸಾಮಾನು ಒದಗಿಸಿದವರ ಹಾಗೆ. “ದೊಡ್ ಮಂದಿ ಬರ್ತಾರೆ, ಕುಂದ್ರಸಾಕೆ ಏನೂ ಇಲ್ಲ ಅಂತ ಮಾಬೂಬಿ ಬಂದು ಅಳಾಕೆ ಹತ್ತಿದ್ಲು. ಫ್ಯಾನು ನಾನೇ ಕೊಟ್ಟೆ. ತಟ್ಟೆ, ಲೋಟ ನಮ್ಮವೇ. ಕುರ್ಚಿ ಆ ಮೂಲೆ ಮನಿಯಾವು. ಗಾದಿ ನ್ಯಾಮತಿಯೋರ ಮದುವಿ ಆರ್ಡ್ರು, ಹಾಸಿಬಿಡು ಮಾರಾಯ್ತಿ, ಒಂದ್ ದಿನಕ್ಕೇನ್ ಸವೀತಾವ ಅಂದೆ. ಚಲೋ ಆತಲ್ರಿ? ನಮ್ ರೇಷ್ಮಾಗೆ ಸಿಕ್ತಾ ಹೆಂಗೆ?”

ಮದುವೆಗೆ ಹೋಗಬೇಕಾದ ಗಾದಿಯ ಮೇಲೆ ಬಸವರಾಜಪ್ಪನವರು ಒರಗಿಕೊಂಡು ‘ಪೀಠೋಪಕರಣ: ಉತ್ತಮ’ ಅಂತ ಬರೆದಿದ್ದರು. ಆ ಕ್ಷಣ ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಬಾಗಿಲು ತಳ್ಳಿದೆ. ಒಳಗೆ ಕುರ್ಚಿಗಳಿರಲಿಲ್ಲ. ಒಂದು ಚಾಪೆ, ಮೂಲೆಯಲ್ಲಿ ಹತ್ತಿಯ ಚೀಲ. ಹೊಲಿಗೆ ಮೆಷಿನ್ನಿನ ಮುಂದೆ ರೇಷ್ಮಾ ಗಾದಿಯ ಕವರ್ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಮಾಬೂಬಿ ಒಳಗಿಂದ ಬಂದು ಸುತ್ತಲೂ ನೋಡಿದರು. ಎಲ್ಲಿ ಕೂರಿಸುವುದು ಅಂತ. ನಾನೇ ಚಾಪೆಯ ಮೇಲೆ ಕೂತೆ.

“ಫೀಸು?” ಎಂದೆ.

“ಶನಿವಾರ ಕಡೇ ದಿನ ಇತ್ತು ಮೇಡಂ. ಆಗ್ಲಿಲ್ಲ. ಸೀಟು ಬೇರೇರಿಗೆ ಹೋತು” ಎಂದಳು ರೇಷ್ಮಾ.

ಮೂರು ದಿನ. ಮೂರು ದಿನ ಮೊದಲು ಆ ಡಬ್ಬಿ ಒರೆಸಿದ್ದರೆ ನನ್ನ ಪೆನ್ಷನ್ನಿನಲ್ಲೇ ಕಟ್ಟಿಬಿಡುತ್ತಿದ್ದೆ. ಎರಡು ವಾರ ಅದು ನನ್ನ ಅಡುಗೆಮನೆಯ ಕಟ್ಟೆ ಮೇಲೇ ಕೂತಿತ್ತು. ಸೋಮಾರಿತನಕ್ಕೆ ಇಷ್ಟು ದೊಡ್ಡ ದಂಡ ಬೀಳುತ್ತದೆ ಅಂತ ಗೊತ್ತಿರಲಿಲ್ಲ. ದಂಡ ಕಟ್ಟಿದವಳೂ ನಾನಲ್ಲ.

“ನನಗೊಂದು ಫೋನ್ ಮಾಡಬಾರದಿತ್ತೇನಮ್ಮ?” ಎಂದೆ. ಸ್ವಲ್ಪ ಸಿಟ್ಟಿನಿಂದಲೇ. (ತಪ್ಪು ಮಾಡಿದ ಮೇಷ್ಟರುಗಳಿಗೆ ಸಿಟ್ಟು ಬೇಗ ಬರುತ್ತದೆ.)

ರೇಷ್ಮಾ ನೇರವಾಗಿ ನನ್ನನ್ನೇ ನೋಡಿದಳು. ಅವಳದು ನಾಚಿಕೆ ಸ್ವಭಾವವಾಗಿರಲಿಲ್ಲ. “ಏನಂತ ಮಾಡ್ಲಿ ಮೇಡಂ? ನಾವು ನಿಜವಾಗ್ಲೂ ಬಡವ್ರು, ಇನ್ನೊಂದ್ ಸಲ ಬಂದು ನೋಡ್ರಿ ಅಂತನಾ?”

ಅವಳು ಪರೀಕ್ಷೆ ಬರೆದು ಪಾಸಾಗಿದ್ದಳು. ಸರ್ಟಿಫಿಕೇಟ್ ತಂದಿದ್ದಳು. ಸಾಲದು ಅಂತ ನಾವು ಅವಳ ಮನೆಯೊಳಗೇ ನುಗ್ಗಿದೆವು. ಡೊನೇಷನ್ ಕೊಟ್ಟು ಮಗನಿಗೆ ಸೀಟು ಕೊಡಿಸುವ ಅಪ್ಪನ ಮನೆಗೆ ಯಾರಾದರೂ ಫಾರಂ ಹಿಡಿದು ಹೋಗಿ ಮಂಚ ಎಣಿಸಿದ್ದುಂಟೇ? ಇಲ್ಲದವರು ಮಾತ್ರ ಇಲ್ಲದ್ದನ್ನು ತೋರಿಸಬೇಕು. ಅದೂ ನಮಗೆ ತೃಪ್ತಿಯಾಗುವಷ್ಟು.

ಆ ಹೊತ್ತಿಗೆ ಹುಸೇನ್ ಸಾಬರು ಬಂದರು. ತಲೆಗೂದಲ ಮೇಲೆಲ್ಲ ಹತ್ತಿಯ ಎಳೆ. ಅವರನ್ನೂ ಒಂದು ಪ್ರಶ್ನೆ ಕೇಳಿದೆ. ಏನೂ ಕಡಿಮೆ ಇಲ್ಲ ಅಂತ ಯಾಕೆ ಹೇಳಿದಿರಿ?

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಮನಿಗೆ ಬಂದೋರು ಆರಾಮಾ ಅಂತ ಕೇಳ್ತಾರೆ. ಅವ್ರ ಮುಂದೆ ಇಲ್ಲ ಅಂತ ಅಳಾಕೆ ಆಗ್ತತೇನ್ರಿ? ಕಾಗದದಾಗೆ ಎಲ್ಲ ಬರ್ದಿದ್ವಲ್ಲ, ನೀವು ಓದಿರ್ತೀರಿ ಅಂದ್ಕಂಡೆ.”

ಓದಿದ್ದೆವು. ನಂಬಿರಲಿಲ್ಲ.

ಮುಂದಿನ ವರ್ಷದ ಫೀಸು ನನ್ನದು ಅಂದೆ. ಸಾಬರು “ನೋಡಾಣ್ರಿ, ದೇವರು ಹೆಂಗೆ ನಡೆಸ್ತಾನೋ” ಅಂದರು. ರೇಷ್ಮಾ ಮೆಷಿನ್ ತುಳಿಯಲು ಶುರು ಮಾಡಿದ್ದಳು. ಆ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಮುಂದಿನ ವರ್ಷಕ್ಕೆ ಸೀಟು ಸಿಗುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ?

ಟ್ರಸ್ಟಿನ ಮೀಟಿಂಗಿನಲ್ಲಿ ಎಲ್ಲವನ್ನೂ ಹೇಳಿದೆ. ಬಸವರಾಜಪ್ಪನವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಅವರು ಕೆಟ್ಟವರಲ್ಲ, ನಿಜವಾಗಿಯೂ ನೊಂದುಕೊಂಡರು. ಆಮೇಲೆ ಅಂದರು: “ಹಂಗಾದ್ರೆ ಮುಂದಿನ ವರ್ಷದಿಂದ ಮೊದ್ಲೇ ಫೋನ್ ಮಾಡೋದು ಬ್ಯಾಡ. ಹೇಳ್ದಂಗೆ ಹೋಗಿಬಿಡಾಣ.” ಎಲ್ಲರೂ ತಲೆದೂಗಿದರು. ಕಳ್ಳಬಟ್ಟಿ ಹಿಡಿಯಲು ಹೋದಂತೆ ಬಡವರ ಮನೆಗೆ ಹೋಗುವುದು ನನ್ನಿಂದಾಗದು ಅಂತ ಹೇಳಿ ಕಮಿಟಿಯಿಂದ ಹೊರಬಂದೆ. ಅದರಿಂದ ರೇಷ್ಮಾಗೆ ಏನು ಬಂತು? ಏನೂ ಇಲ್ಲ.

ಅವತ್ತು ಸಾಸ್ವೆಹಳ್ಳಿಯಲ್ಲಿ ಬಸ್ಸಿನ ಹೊತ್ತಾಗಿ ನಾನು ಎದ್ದಾಗ ಮಾಬೂಬಿ ಬಾಗಿಲವರೆಗೆ ಬಂದಿದ್ದರು. ಅವರ ಕೈ ಹಿಡಿದುಕೊಂಡು ಹೇಳಿದೆ, “ಇನ್ನು ಮುಂದೆ ಇಂಥ ಕೆಲಸಕ್ಕೆ ಯಾರೇ ಬಂದರೂ ಶಾವಿಗೆ ಗೀವಿಗೆ ಏನೂ ಮಾಡಬೇಡಿ. ಬರೀ ಒಂದು ಲೋಟ ನೀರು ಕೊಟ್ಟು ಕಳಿಸಿ.”

ಅವರು ನಕ್ಕರು. ಆ ನಗುವಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರಂತೆ ಕೇಳಿದರು:

“ಬರೀ ನೀರು ಕೊಟ್ಟು ಕಳಿಸಿದ್ರೆ, ಕಾರ್ನಾಗೆ ಹೋಗ್ತಾ ನಮ್ ಬಗ್ಗೆ ಏನಂತಿದ್ರಿ ಮೇಡಂ?”