ಕಾಸದ ತಮಟೆ

ದೆವ್ವ, ಪವಾಡ ಎಂದೆಲ್ಲ ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವಿದೆ. ಹಲಸೂರಿನ ಬಜಾರಿನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಸ್ಟುಡಿಯೋದಲ್ಲಿ ನಾನು ಹದಿನೆಂಟು ವರ್ಷದಿಂದ ಧ್ವನಿಮುದ್ರಣ ಮಾಡುತ್ತಿದ್ದೇನೆ. ‘ನಮ್ಮನೇಲಿ ಯಾರೋ ನರಳ್ತಾರೆ ಸಾರ್, ಸ್ವಲ್ಪ ಕ್ಲೀನ್ ಮಾಡ್ಕೊಡಿ’ ಎಂದು ಫೋನಿನಲ್ಲಿ ಹಿಡಿದ ಸದ್ದನ್ನು ತರುವವರು ವರ್ಷಕ್ಕೆ ಇಬ್ಬರಾದರೂ ಇರುತ್ತಾರೆ. ಕ್ಲೀನ್ ಮಾಡಿ ನೋಡಿದರೆ ಒಮ್ಮೆ ಫ್ರಿಜ್ಜಿನ ಮೋಟರು, ಇನ್ನೊಮ್ಮೆ ಪಕ್ಕದ ಮನೆಯ ನೀರಿನ ಪಂಪು. ಸದ್ದು ಎಂದ ಮೇಲೆ ಕಾರಣ ಇದ್ದೇ ಇರುತ್ತದೆ ಎಂದು ಬೈದು ಕಳಿಸುತ್ತಿದ್ದೆ. ಈಗ ನಾನೇ ಅಂಥದೊಂದು ಕಥೆ ಹೇಳಲು ಕೂತಿದ್ದೇನೆ. ನೀವು ನಗಬಹುದು. ನನಗಂತೂ ನಗು ಬರುತ್ತಿಲ್ಲ.

ನಾಲ್ಕು ವರ್ಷದ ಹಿಂದೆ ಕೃಷ್ಣರಾಜಪುರದ ಪಿಳ್ಳಪ್ಪ ಎಂಬ ಹಿರಿಯರು ತಮ್ಮ ತಮಟೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು, ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಿಸಿ ನನ್ನಲ್ಲಿಗೆ ಬಂದರು. ಜೊತೆಗೆ ಮಗಳು ಮಂಜುಳ, ಅವಳೂ ತಮಟೆ ಬಾರಿಸುವವಳೇ. ಹೆಣ ಮನೆಯಿಂದ ಹೊರಟು ಮಣ್ಣು ಸೇರುವವರೆಗೆ ಬಾರಿಸುವ ಇಪ್ಪತ್ತು ನಿಮಿಷದ ಹೊಡೆತವೊಂದು ಪಿಳ್ಳಪ್ಪನವರಿಗೆ ಅಪ್ಪನಿಂದ ಬಂದಿತ್ತು. ಬೀದಿ ತಿರುಗಿದರೆ ಒಂದು ಗತಿ, ಕೆರೆ ಏರಿ ಹತ್ತಿದರೆ ಇನ್ನೊಂದು. ಈಗ ಆ ಏರಿಯೂ ಇಲ್ಲ, ಹೆಣ ವ್ಯಾನಿನಲ್ಲಿ ಹೋಗುತ್ತದೆ. ಪೂರ್ತಿ ಬಲ್ಲವರು ಅವರೊಬ್ಬರೇ ಉಳಿದಿದ್ದರು. ಮುಂದಿನ ವಾರ ಅವರ ಭುಜಕ್ಕೆ ಆಪರೇಷನ್, ಆಮೇಲೆ ಬಾರಿಸುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಾಯಲ್ಲಿ ಹೇಳಿಕೊಡುವುದು ಅವರಿಗೆ ಬಾರದು.

“ಒಂದೇ ಸಲ ಆಗೋದು ಸಾರ್. ಇದನ್ನ ಕೇಳ್ಕೊಂಡೇ ಮಗಳು ಕಲೀಬೇಕು,” ಎಂದರು.

ಚರ್ಮದ ತಮಟೆಯನ್ನು ಬಾರಿಸುವ ಮೊದಲು ಬೆಂಕಿಯಲ್ಲಿ ಕಾಸಬೇಕು. ಕಾಸಿದರೆ ಚರ್ಮ ಬಿಗಿದು ಠಣ್ ಎನ್ನುತ್ತದೆ, ಇಲ್ಲದಿದ್ದರೆ ಬರೀ ದಬ ದಬ. ಪಿಳ್ಳಪ್ಪ ಚೀಲದಿಂದ ಹಳೆ ಪೇಪರು, ಬೆಂಕಿಪೊಟ್ಟಣ ತೆಗೆದರು. ನಮ್ಮ ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು, ತಲೆಯ ಮೇಲೆ ಹೊಗೆಯ ಅಲಾರಂ. ಟೆರೇಸಿಗೆ ಕರೆದುಕೊಂಡು ಹೋಗಬಹುದಿತ್ತು. ಆದರೆ ಎಸಿಯಲ್ಲಿ ಚರ್ಮ ಬೇಗ ತಣ್ಣಗಾಗುತ್ತದೆ, ಮಧ್ಯೆ ಮಧ್ಯೆ ನಿಲ್ಲಿಸಿ ಮತ್ತೆ ಮೆಟ್ಟಿಲು ಹತ್ತಬೇಕು. ನನಗೆ ಸೋಮಾರಿತನ. ಅದರ ಮೇಲೆ ಜಂಬ ಬೇರೆ.

“ಬೇಡ ಬಿಡಿ, ಹಾಗೇ ಬಾರ್ಸಿ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ನಾನೇ ಕಾಸ್ಕೋತೀನಿ,” ಎಂದೆ.

ಪಿಳ್ಳಪ್ಪ ಮಗಳ ಮುಖ ನೋಡಿದರು. ಓದಿದವನು ಹೇಳುತ್ತಿದ್ದಾನೆ ಎಂದು ನಂಬಿದರು. ಹಲ್ಲು ಕಚ್ಚಿಕೊಂಡು ಇಪ್ಪತ್ತು ನಿಮಿಷವೂ ಬಾರಿಸಿದರು. ಸಂಜೆಯ ಹೊತ್ತಿಗೆ ಕೈ ಎತ್ತಲಾಗದಷ್ಟು ಭುಜ ಊದಿತ್ತಂತೆ.

ಮರುದಿನ ಹಾಕಿ ಕೇಳಿದೆ. ಬಲಗೈಯ ದಪ್ಪ ಕೋಲಿನ ಹೊಡೆತ ಮಾತ್ರ ಕೇಳುತ್ತಿತ್ತು. ಎಡಗೈಯ ಸಣ್ಣ ಕಡ್ಡಿಯ ಹೊಡೆತಗಳು, ಅಂದರೆ ಕಲಿಯಬೇಕಾದದ್ದರ ಅರ್ಧ ಭಾಗ, ಸಡಿಲ ಚರ್ಮದಲ್ಲಿ ಮುಳುಗಿಹೋಗಿದ್ದವು. ಸದ್ದಿನ ಗುಣ ಬದಲಿಸುವ ಎಫೆಕ್ಟ್‌ಗಳನ್ನು ಒಂದೊಂದಾಗಿ ಹಾಕಿದೆ. ಶ್ರುತಿ ಏರಿಸಿದರೆ ಮಕ್ಕಳ ಆಟಿಕೆಯ ಡೋಲು. ಹರಿತ ಮಾಡಿದರೆ ಡಬ್ಬ ಬಡಿದ ಸದ್ದು. ‘ವಾರ್ಮ್’ ಎಂಬ ಗುಂಡಿ ತಿರುಗಿಸಿದರೆ ಎಲ್ಲವೂ ಕೆಸರು.

ನನ್ನ ಬಳಿ ಇಂಥ ಎಫೆಕ್ಟ್‌ಗಳು ನೂರಾರಿವೆ. ನಾನು ಕಾಣದ ದೇಶಗಳ ಚರ್ಚುಗಳ ಪ್ರತಿಧ್ವನಿ ಹತ್ತು ಬಗೆಯಲ್ಲಿ ಸಿಗುತ್ತದೆ. ಟಿನ್ ಫ್ಯಾಕ್ಟರಿ ಸೇತುವೆಯ ಕೆಳಗೆ ಬಸ್ಸು ಹಾರನ್ ಹೊಡೆದರೆ ಬರುವ ಪ್ರತಿಧ್ವನಿ ಒಂದೂ ಇಲ್ಲ. ಸಾಫ್ಟ್‌ವೇರ್ ಕಂಪನಿಗಳವರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಎಂದು ಡಂಗುರ ಸಾರುತ್ತಾರೆ, ತೆರೆದರೆ ಅದೇ ಗುಂಡಿಗಳಿಗೆ ಬೇರೆ ಬಣ್ಣ. ಎಲ್ಲರ ಹಾಡೂ ಒಂದೇ ಥರ ನುಣ್ಣಗಾಗಲಿ ಎಂಬುದೇ ಇವರ ಆಸೆ. ಚರ್ಮ ಕಾಯುತ್ತದೆ, ಮರ ನೆನೆಯುತ್ತದೆ, ತಗಡು ಬಿಸಿಲಿಗೆ ಬಾಗುತ್ತದೆ. ಇದನ್ನೆಲ್ಲ ಪ್ರಯೋಗ ಮಾಡಿ ಒಂದು ಕೈ ನೋಡೋಣ, ಕೆಟ್ಟರೆ ಕೆಡಲಿ ಎನ್ನುವ ಒಬ್ಬ ಪುಣ್ಯಾತ್ಮನೂ ಅಲ್ಲಿಲ್ಲವೇ? ಸಿಟ್ಟು ತಡೆಯಲಾರದೆ ಒಂದು ಕಂಪನಿಗೆ ಉದ್ದದ ಪತ್ರ ಬರೆದೆ. ‘ನಿಮ್ಮ ಸಲಹೆಗೆ ಧನ್ಯವಾದ. ನಮ್ಮ ವಾರ್ಮ್ ಗುಂಡಿಯನ್ನು ಬಳಸಿ ನೋಡಿದಿರಾ?’ ಎಂಬ ಉತ್ತರ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವು ಅನ್ನಬಹುದು. ಅನ್ನಿ. ನನ್ನ ತಪ್ಪು ನನಗೆ ಗೊತ್ತು. ಆದರೆ ನೆಲವೂ ಡೊಂಕೇ.

ಆಪರೇಷನ್ನಿಗೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ಮೂರರ ಹೊತ್ತು. ಶಿವಾಜಿನಗರದ ಜಾವೀದ್ ಮೈಕಿನ ವಯರು ಬೆಸೆಯಲು ಬಂದು ಮೂಲೆಯಲ್ಲಿ ಕೂತಿದ್ದ. ನಾನು ರೋಸಿಹೋಗಿ ಹಾಕಿದ್ದ ಎಫೆಕ್ಟ್‌ಗಳನ್ನೆಲ್ಲ ಕಿತ್ತು, ಮೂಲ ಮುದ್ರಣವನ್ನು ಹಾಗೆಯೇ ಹಾಕಿ ಕಣ್ಣು ಮುಚ್ಚಿದೆ. ದಬ ದಬ ಎಂದು ಸಾಗಿತ್ತು. ನಾಲ್ಕನೇ ನಿಮಿಷದಲ್ಲಿ ಚರ್ಮದ ಒಂದು ಅಂಚು ಬಿಗಿದಂತೆ ಕೇಳಿಸಿತು. ಆಮೇಲೆ ಅದರ ಎದುರಿನ ಅಂಚು, ಕೊನೆಗೆ ನಡು. ಬೆಂಕಿಯ ಮೇಲೆ ತಮಟೆಯನ್ನು ತಿರುಗಿಸುತ್ತಾ ಕಾಸುವಾಗ ಆಗುವುದೂ ಹೀಗೆಯೇ. ಸಣ್ಣ ಕಡ್ಡಿಯ ಹೊಡೆತಗಳು ಒಂದೊಂದಾಗಿ ಮೇಲೆದ್ದವು. ಏಳನೇ ನಿಮಿಷಕ್ಕೆ ತಮಟೆ ಠಣ್ ಠಣ್ ಎನ್ನುತ್ತಿತ್ತು.

“ಏನ್ ಹಾಕಿದ್ರಿ ಅಣ್ಣ ಇದಕ್ಕೆ? ಆವಾಜ್ ಏಕ್‌ದಮ್ ಟೈಟ್ ಆಗೋಯ್ತಲ್ಲ!” ಎಂದು ಜಾವೀದ್ ಎದ್ದು ಬಂದ.

ಏನೂ ಹಾಕಿಲ್ಲ, ನೀನೇ ನೋಡು ಎಂದೆ. ನೋಡಿದ. ಎಲ್ಲವೂ ಆಫ್. ಮೊದಲಿಂದ ಹಾಕಿದೆವು, ಮೊದಲ ಪೆಟ್ಟಿನಿಂದಲೇ ಬಿಗಿಯಾಗಿತ್ತು. ಅವನು ಸ್ಪೀಕರ್ ಬದಲಿಸಿದ, ವಯರು ಬದಲಿಸಿದ, ಸದ್ದು ಬದಲಾಗಲಿಲ್ಲ. ತನ್ನ ಫೋನಿನಲ್ಲಿ ಹಿಡಿದ. ಹಿಡಿದದ್ದನ್ನು ಹಾಕಿದರೆ ದಬ ದಬ. ಪರದೆಯ ಮೇಲಿನ ಅಲೆಗಳ ಚಿತ್ರವೂ ಹಳೆಯದೇ. ಆ ಕೋಣೆಯ ಗಾಳಿಯಲ್ಲಿ ಮಾತ್ರ ತಮಟೆ ಕಾದಿತ್ತು. “ನಂಗಿದು ಬ್ಯಾಡಣ್ಣ,” ಎಂದವನು ವಯರನ್ನು ಅರ್ಧಕ್ಕೇ ಬಿಟ್ಟು ಇಳಿದು ಹೋದ.

ನಾನು ಪಿಳ್ಳಪ್ಪನವರಿಗೆ ಫೋನ್ ಮಾಡಿದೆ. ಎತ್ತಿದವಳು ಮಂಜುಳ.

“ಅಪ್ಪ ಹಿತ್ಲಲ್ಲಿ ಪೇಪರ್ ಸುಟ್ಕೊಂಡು ತಮಟೆ ಕಾಸ್ತಾ ಕೂತವ್ರೆ ಸಾರ್. ಬಾರ್ಸೋಕೂ ಆಗಲ್ಲ, ಏನಿಲ್ಲ. ಒಂದೇ ಕೈಲಿ ತಿರುಗಿಸ್ತಾವ್ರೆ. ಬ್ಯಾಡ ಅಂದ್ರೂ ಕೇಳ್ತಿಲ್ಲ,” ಎಂದಳು.

ಇಬ್ಬರೂ ಈಗಲೇ ಹೊರಟು ಬನ್ನಿ ಎಂದಷ್ಟೇ ಹೇಳಿದೆ. ಬೆಂಕಿ ಆರಿಸಿ, ಆಟೋ ಹಿಡಿದು, ಹಳೇ ಮದರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಬಿದ್ದು ಬಂದರು. ಅವರನ್ನು ಸ್ಪೀಕರಿನ ಎದುರು ಕೂರಿಸಿ ಹಾಕಿದೆ.

ದಬ ದಬ. ನಾಲ್ಕನೇ ನಿಮಿಷ ಕಳೆಯಿತು, ಏಳನೆಯದೂ ಕಳೆಯಿತು. ಹಾಗೆಯೇ ಇತ್ತು. ಮಂಜುಳಳ ಎಡಗೈ ಬೆರಳು ಮೊಣಕಾಲಿನ ಮೇಲೆ ಸಣ್ಣ ಕಡ್ಡಿಯ ಹೊಡೆತವನ್ನು ಹುಡುಕಿ ಹುಡುಕಿ ಸುಮ್ಮನಾಯಿತು. ಪಿಳ್ಳಪ್ಪ ಇಪ್ಪತ್ತು ನಿಮಿಷವೂ ಕೇಳಿದರು. “ಇರ್ಲಿ ಬಿಡಿ ಸಾರ್,” ಎಂದು ಎದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಧ್ಯಾಹ್ನ ನಡೆದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಸಾಫ್ಟ್‌ವೇರಿನಲ್ಲಿ ಇದೆಲ್ಲ ಆಗುವುದೇ ಇಲ್ಲ ಎನ್ನುವ ತಜ್ಞರ ಮೇಲೆ ನನಗೆ ಇವತ್ತಿಗೂ ಕೆಂಡದಂಥ ಕೋಪ. ಮುದ್ರಿತ ತಮಟೆ ಕಾದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೇಗೆ ಎಂದು ಮಾತ್ರ ಕೇಳಬೇಡಿ. ಬೇಕಾದರೆ ಜಾವೀದನನ್ನು ಕೇಳಿ ಎನ್ನೋಣವೆಂದರೆ ಅವನು ಆ ಮಾತು ಎತ್ತಿದರೆ ಎದ್ದು ಹೋಗುತ್ತಾನೆ.

ಆಪರೇಷನ್ ಆಗಿ ಎರಡು ತಿಂಗಳಿಗೆ ನಾಚಿಕೆ ಬಿಟ್ಟು ಮಂಜುಳಳಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪ ಅಲ್ಲಿ ಇನ್ನೊಮ್ಮೆ ತಮಟೆ ಕಾಸಲಿ, ನೀನು ಇಲ್ಲಿ ಬಂದು ಕೂತು ಕೇಳು, ಏನಾಗುತ್ತದೋ ನೋಡೋಣ ಎಂದೆ.

“ಅವತ್ತಿಂದ ಅಪ್ಪ ತಮಟೆ ಮುಟ್ಟಿಲ್ಲ ಸಾರ್,” ಎಂದಳು. “ನಾನ್ ಸತ್ ಮೇಲೆ ನನ್ ತಮಟೆ ಹೆಂಗ್ ಕೇಳ್ಸುತ್ತೋ ಅದನ್ನ ಈಗ್ಲೇ ಕೇಳ್ಕೊಂಡ್ ಬಂದೆ, ಇನ್ಯಾಕ್ ಕಾಸೋದು ಅಂತಾರೆ.”

ಆ ಮಧ್ಯಾಹ್ನ ನಡೆದದ್ದೇನು ಎಂದು ನನಗೆ ಇಂದಿಗೂ ತಿಳಿದಿಲ್ಲ. ಆ ಸದ್ದನ್ನು ಕೇಳಬೇಕಾಗಿದ್ದವಳು ಮಂಜುಳ, ಕೇಳಿದವನು ನಾನು.